ಸಿಡಿಲಪ್ಪನ ಗೋತ್ರ

"ಇದು ನಮ್ಮ ಭೂಮಿಯದೇ ಕಲ್ಲು. ಬೇಸರ ಬೇಡ" ಎಂದಿತು ಯಂತ್ರ.

ಹೊನ್ನವಾರಿ ಶಾಲೆಯ ಅಂಗಳದಲ್ಲಿ ನೆರೆದವರೆಲ್ಲ ಗೊಳ್ಳೆಂದು ನಕ್ಕರು. ಬೆಳಗಿನಿಂದ ಕರಿಗುಂಡೊಂದನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಸರದಿಗೆ ಕಾದಿದ್ದ ಮುದುಕರೊಬ್ಬರು ಯಂತ್ರವನ್ನೇ ದುರುಗುಟ್ಟಿ ನೋಡಿದರು. "ಬೇಸರ ಬ್ಯಾಡ ಅಂತ ಇದು ನನಗ ಹೇಳತೈತಿ" ಎಂದು ಗೊಣಗುತ್ತ ಕಲ್ಲನ್ನು ಹೆಗಲಿಗೇರಿಸಿ ಹೊರಟರು. ಕಲ್ಲು ಭೂಮಿಯದಾದರೇನು, ಮನೆಗೆ ಒಯ್ಯುವುದು ಒಯ್ಯಲೇಬೇಕಲ್ಲ!

ಆ ಯಂತ್ರದ ಹೆಸರು ಉಲ್ಕಾವಾಚಕ. ನೋಡಲು ಟಾರ್ಚಿನಷ್ಟೇ ಇರುವ ಅದು ಬಂದಂದಿನಿಂದ ನಾಡಿನ ಜನಕ್ಕೆ ಕಲ್ಲಿನ ಹುಚ್ಚು ಹಿಡಿದಿತ್ತು. ಯಂತ್ರದ ತುದಿಯಿಂದ ನೂಲಿನಂಥ ಬೆಳಕೊಂದು ಹೊರಟು ಕಲ್ಲಿಗೆ ತಾಗುತ್ತದೆ. ತಾಗಿದಲ್ಲಿ ಕಣ್ಣಿಗೆ ಕಾಣದಷ್ಟು ಪುಡಿ ಆವಿಯಾಗುತ್ತದೆ. ಆ ಆವಿಯಲ್ಲಿ ಯಾವ ಧಾತು ಎಷ್ಟಿದೆ, ಆಮ್ಲಜನಕದ ಮೂರು ಬಗೆಯ ಪರಮಾಣುಗಳು ಯಾವ ಪ್ರಮಾಣದಲ್ಲಿ ಬೆರೆತಿವೆ ಎಂಬುದನ್ನು ಯಂತ್ರ ಅಳೆದು ನೋಡುತ್ತದೆ. ಭೂಮಿಯ ಕಲ್ಲುಗಳಲ್ಲಿ ಈ ಬೆರಕೆ ಒಂದು ರೀತಿ, ಮಂಗಳನಿಂದ ಬಂದ ಕಲ್ಲಿನಲ್ಲಿ ಇನ್ನೊಂದು ರೀತಿ, ಮಂಗಳ-ಗುರುಗಳ ನಡುವೆ ಸುತ್ತುವ ಸಾವಿರಾರು ಕಿರುಗ್ರಹಗಳಲ್ಲಿ ಒಂದೊಂದರದೂ ಒಂದೊಂದು ರೀತಿ. ಹೀಗಾಗಿ ಆಕಾಶದಿಂದ ಬಿದ್ದ ಕಲ್ಲು ಎಲ್ಲಿಯದು, ಯಾರದು ಎಂಬುದನ್ನು ಹಿಂದೆ ಪ್ರಯೋಗಾಲಯಗಳು ತಿಂಗಳುಗಟ್ಟಲೆ ತಿಣುಕಿ ಹೇಳುತ್ತಿದ್ದರೆ, ಉಲ್ಕಾವಾಚಕ ಒಂದು ಲೋಟ ಚಹಾ ಕುಡಿಯುವಷ್ಟರಲ್ಲಿ ಹೇಳಿಬಿಡುತ್ತಿತ್ತು. ಅದೂ ಕನ್ನಡದಲ್ಲಿ, ಗಟ್ಟಿ ದನಿಯಲ್ಲಿ.

ಆ ಕನ್ನಡ ಡಾ. ಇಂದುಮತಿಯವರದು. ಮೈಸೂರಿನ ಇಂದುಮತಿ ಉಲ್ಕಾ ಸಮೀಕ್ಷೆಯ ಹಿರಿಯ ವಿಜ್ಞಾನಿ. ಉಲ್ಕೆಗಳೆಂದರೆ ಎಷ್ಟು ಪ್ರೀತಿಯೋ ಪದಗಳೆಂದರೂ ಅಷ್ಟೇ. ಯಂತ್ರಕ್ಕೆ ಮಾತು ಕಲಿಸುವಾಗ ಪರಿಭಾಷಾ ಸಮಿತಿಯವರು "ಗುಂಪು", "ಉಪಗುಂಪು" ಎಂದೆಲ್ಲ ಸೂಚಿಸಿದರೆ, ಈಕೆ ಇವು ಸಪ್ಪೆ ಎಂದು ತಳ್ಳಿಹಾಕಿದ್ದರು. ಉಲ್ಕೆಯಲ್ಲಿ ಮೂರು ವರ್ಗ: ಶಿಲೆ, ಲೋಹ, ಎರಡೂ ಬೆರೆತ ಶಿಲಾಲೋಹ. ವರ್ಗ ಹೇಳುವುದು ಕಲ್ಲಿನ ಮೈಕಟ್ಟನ್ನು ಮಾತ್ರ. ಅದರ ಹುಟ್ಟನ್ನು ಹೇಳುವ ವಿಂಗಡಣೆಗೆ ಇಂದುಮತಿ ಆರಿಸಿದ ಪದ "ಗೋತ್ರ". ಉಲ್ಕೆ ಯಾವ ಕಿರುಗ್ರಹದಿಂದ ಸಿಡಿದು ಬಂದಿದೆಯೋ ಅದನ್ನು ಪುಸ್ತಕದಲ್ಲಿ "ಮಾತೃಕಾಯ" ಎನ್ನುತ್ತಾರೆ. ಹಳ್ಳಿಯ ಅಂಗಳದಲ್ಲಿ ನಿಂತು ಅಷ್ಟು ಭಾರದ ಪದವನ್ನು ಯಾರು ಹೊರುತ್ತಾರೆ ಎಂದು ಅದನ್ನು "ತಾಯಿ" ಎಂದು ಇಳಿಸಿದ್ದರು. ಎಲ್ಲರೂ ಮೆಚ್ಚಿದ್ದರು. ಪಾಪ, ಆಕೆಗೇನು ಗೊತ್ತು, ಈ ಎರಡು ಪದಗಳೇ ಒಂದು ದಿನ ಕೊರಳಿಗೆ ಸುತ್ತಿಕೊಳ್ಳುತ್ತವೆ ಎಂದು.

ಹೊನ್ನವಾರಿಗೆ ಅವರನ್ನು ಕರೆಸಿದ್ದು ಆ ಶಾಲೆಯ ವಿಜ್ಞಾನದ ಟೀಚರ್ ನೀಲಗಂಗಾ, ಊರಿನ ಬಾಳನಗೌಡರ ಮಗಳು. ಕಪ್ಪು ನೆಲದ ಬಯಲಿನಲ್ಲಿ ಹೊನ್ನವಾರಿಗೂ ಸುಂಕದಾಳಕ್ಕೂ ನಡುವೆ ಒಂದು ಹಳ್ಳವಷ್ಟೇ ಅಡ್ಡ. ಸುಂಕದಾಳದ ಕಟ್ಟೆಯ ಮೇಲೆ ಸಿಡಿಲಪ್ಪನೆಂಬ ಕಲ್ಲಿದೆ. ಗಾತ್ರದಲ್ಲಿ ಕುಂಬಳಕಾಯಿಯಷ್ಟಿದ್ದರೂ ನಾಲ್ಕು ಜನ ಗಂಡಸರು ಸೊಂಟ ಹಿಡಿದುಕೊಂಡೇ ಎತ್ತಬೇಕು. ಹೊನ್ನವಾರಿಯ ಕಟ್ಟೆಯ ಮೇಲೆ ಮಿಂಚವ್ವ. ಆಕೆಯ ಮೈಯೊಳಗೆ ಜೇನಿನ ಬಣ್ಣದ ಹರಳುಗಳಿದ್ದು ಬಿಸಿಲು ಬಿದ್ದರೆ ಮಿಣಮಿಣ ಹೊಳೆಯುತ್ತವೆ. ಪ್ರತಿವರ್ಷ ಮುಂಗಾರಿಗೆ ಮೊದಲು ಸಿಡಿಲಪ್ಪನನ್ನು ಬಂಡಿಯಲ್ಲಿ ಹೊನ್ನವಾರಿಗೆ ತಂದು ಮಿಂಚವ್ವನ ಜೊತೆ ಮದುವೆ ಮಾಡಿಸುವುದು ಎರಡೂ ಊರಿನ ಪದ್ಧತಿ. ಹೀಗಾಗಿ ಸುಂಕದಾಳವೂ ಹೊನ್ನವಾರಿಯೂ ಬೀಗರ ಊರುಗಳು. ಒಬ್ಬರನ್ನೊಬ್ಬರು ಮಾವ, ಅಳಿಯ, ಬೀಗತಿ ಎಂದೇ ಕರೆಯುವುದು, ಸಿಕ್ಕಲ್ಲಿ ಕಾಲೆಳೆಯುವುದು, ಹೆಣ್ಣು ಕೊಟ್ಟು ತರುವುದು. ಆದರೆ ಒಂದು ಕಟ್ಟುಪಾಡು: ಆಯಾ ವರ್ಷ ಕಲ್ಲುಗಳ ಮದುವೆಯಾಗದೆ ಮನುಷ್ಯರ ಮದುವೆ ಇಲ್ಲ.

ಆ ವರ್ಷ ಕಾದಿದ್ದ ಮನುಷ್ಯರಲ್ಲಿ ನೀಲಗಂಗಾ ಒಬ್ಬಳು. ಸುಂಕದಾಳದ ಚನವೀರನ ಜೊತೆ ಅವಳ ಲಗ್ನ ಗೊತ್ತಾಗಿತ್ತು. ಸೋಲಾರ್ ಪಂಪು ರಿಪೇರಿ ಮಾಡುವ ಆ ಹುಡುಗ ಶಾಲೆಯ ಪಂಪನ್ನು ಬೇಕೆಂದೇ ಅರೆಬರೆ ರಿಪೇರಿ ಮಾಡಿ ವಾರಕ್ಕೊಮ್ಮೆ ಬರುತ್ತಿದ್ದನೆಂಬುದು ಮಕ್ಕಳಿಗೂ ಗೊತ್ತಿದ್ದ ಗುಟ್ಟು. ಎರಡು ಕಲ್ಲುಗಳೂ ಆಕಾಶದಿಂದ ಬಂದವೇ ಇರಬೇಕೆಂದು ನೀಲಗಂಗಾಳಿಗೆ ಬಹಳ ದಿನದ ಅನುಮಾನ. ಮದುವೆಗೆಂದು ಸಿಡಿಲಪ್ಪ ಹೇಗೂ ಹೊನ್ನವಾರಿಗೆ ಬರುತ್ತಾನೆ, ಎರಡನ್ನೂ ಒಟ್ಟಿಗೆ ಪರೀಕ್ಷಿಸಿದರೆ ಮಕ್ಕಳು ನೋಡಿ ಕಲಿಯುತ್ತಾರೆ ಎಂಬುದು ಅವಳ ಲೆಕ್ಕಾಚಾರ.

ಊರಿನ ಸಣ್ಣಪುಟ್ಟ ಕಲ್ಲುಗಳ ಸರದಿ ಮುಗಿದ ಮೇಲೆ ಸಿಡಿಲಪ್ಪನ ಬಂಡಿ ಬಂತು. ಹಿಂದೆಯೇ ಸುಂಕದಾಳದ ದಿಬ್ಬಣ, ಮುಂಚೂಣಿಯಲ್ಲಿ ಚನವೀರನ ಅಜ್ಜಿ ಸಾವಂತ್ರೆವ್ವ. ಎರಡೂ ಊರಿನಲ್ಲಿ ಆಕೆಯ ಮಾತಿಗೆ ಎದುರಿಲ್ಲ. ಯಾರ ಮನೆಗೆ ಯಾರು ಏನಾಗಬೇಕೆಂದು ಮೂರು ತಲೆಮಾರಿನ ಹಿಂದಿನಿಂದ ಹೇಳಬಲ್ಲ ಹೆಂಗಸು. ಹೇಳು ಎಂದು ಯಾರೂ ಕೇಳದಿದ್ದರೂ ಹೇಳುವ ಹೆಂಗಸು.

ಇಂದುಮತಿ ಉಮೇದಿನಿಂದ ಯಂತ್ರವನ್ನು ಶಾಲೆಯ ಮೈಕಿಗೇ ಜೋಡಿಸಿದರು. ಮೊದಲು ಸಿಡಿಲಪ್ಪ.

"ವರ್ಗ ಲೋಹ. ಗೋತ್ರ ಸುವರ್ಚಲ. ತಾಯಿ: ಒಡೆದು ಹೋದ ಕಿರುಗ್ರಹ, ಅದರ ನಡುಗರ್ಭದ ಕಬ್ಬಿಣ" ಎಂದು ಮೈಕು ಮೊಳಗಿತು. ಸುವರ್ಚಲ ಎಂಬ ಹೆಸರನ್ನೂ ಇಂದುಮತಿಯೇ ಇಟ್ಟಿದ್ದರು. ಸುಂಕದಾಳದವರು ಚಪ್ಪಾಳೆ ತಟ್ಟಿದರು. ನಮ್ಮ ಸಿಡಿಲಪ್ಪ ಮೇಲಿನಿಂದ ಬಂದವನೆಂದು ನಾವು ಮೊದಲೇ ಹೇಳುತ್ತಿರಲಿಲ್ಲವೇ ಎಂದು ಮೀಸೆ ತಿರುವಿದರು. ನೀಲಗಂಗಾಳ ಮುಖ ಅರಳಿತು.

ನಂತರ ಮಿಂಚವ್ವ.

"ವರ್ಗ ಶಿಲಾಲೋಹ. ಗೋತ್ರ ಸುವರ್ಚಲ. ತಾಯಿ: ಹಿಂದಿನ ಕಲ್ಲಿಗೆ ಯಾವ ತಾಯಿಯೋ ಅದೇ ತಾಯಿ."

ಈ ಸಲ ಚಪ್ಪಾಳೆ ತಟ್ಟಿದ್ದು ಇಂದುಮತಿ ಒಬ್ಬರೇ. ಎರಡು ಊರಲ್ಲಿ ಬಿದ್ದ ಎರಡು ವರ್ಗದ ಕಲ್ಲುಗಳು ಒಂದೇ ಕಿರುಗ್ರಹದವು! ನಡುಗರ್ಭದ ಕಬ್ಬಿಣ ಒಂದು, ಅದಕ್ಕೆ ಅಂಟಿಕೊಂಡ ಹರಳಿನ ಅಂಚು ಇನ್ನೊಂದು. ಇಂಥ ಜೋಡಿ ಸಿಗುವುದು ಅಪರೂಪದಲ್ಲಿ ಅಪರೂಪ. ಸಂತೋಷದಿಂದ ಸುತ್ತ ನೋಡಿದರೆ ಅಂಗಳದಲ್ಲಿ ಪಿಟ್ ಎನ್ನುವವರಿಲ್ಲ.

"ಏನಂತ್ರಿ ಅದು?" ಸಾವಂತ್ರೆವ್ವ ಮೆಲ್ಲಗೆ ಎದ್ದು ನಿಂತಳು. "ಗೋತ್ರ ಒಂದ ಅಂತೈತೇನು?"

"ಹೌದಮ್ಮ, ಒಂದೇ ಗೋತ್ರ."

"ತಾಯೀನೂ ಒಬ್ಬಾಕೀನ?"

"ಒಂದೇ ತಾಯಿ. ಎಂಥ ಅದೃಷ್ಟ ನೋಡಿ!"

"ಅಯ್ಯ ನನ್ನ ಶಿವನ!" ಸಾವಂತ್ರೆವ್ವ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಅಣ್ಣಾ ತಂಗೀನ ತಂದು ವರ್ಷಾ ವರ್ಷಾ ಲಗ್ನಾ ಮಾಡೇವಲ್ರೋ!"

ಅಲ್ಲಿಂದ ಮುಂದೆ ಯಾರು ಏನು ಹೇಳಿದರೆಂದು ಬಿಡಿಸಿ ಹೇಳುವುದು ಕಷ್ಟ. ಎರಡೂ ಊರು ಏಕಕಾಲಕ್ಕೆ ಬಾಯಿಬಿಟ್ಟವು. ಕಲ್ಲುಗಳು ಅಣ್ಣ-ತಂಗಿಯಾದರೆ ಊರುಗಳು ಬೀಗರ ಊರಾಗುವುದು ಹೇಗೆ? ಊರುಗಳೇ ಒಡಹುಟ್ಟಿದವು ಎಂದಾದರೆ ಕೊಟ್ಟು ತಂದ ಸಂಬಂಧಗಳ ಗತಿ? ಸುಂಕದಾಳದಿಂದ ಮದುವೆಯಾಗಿ ಬಂದು ತಲೆ ನರೆತ ಹೆಂಗಸೊಬ್ಬಳು ಗಂಡನ ಕಡೆ ಕೈ ತೋರಿಸಿ, "ಹಂಗಾರ ಇಂವಂಗ ನಾ ಇನ್ನ ಮ್ಯಾಲೆ ಅಣ್ಣಾ ಅನ್ನಬೇಕೇನು?" ಎಂದು ಕೇಳಿದಳು. ಗಂಡ ಬೇಡವೆಂದು ಥಟ್ಟನೆ ಹೇಳದೆ ಒಂದು ಗಳಿಗೆ ಯೋಚಿಸಿದ್ದಕ್ಕೆ ಆಮೇಲೆ ಮನೆಯಲ್ಲಿ ಚೆನ್ನಾಗಿ ಅನುಭವಿಸಿದನಂತೆ.

ನಗುವವರು ನಕ್ಕರು. ಬಾಳನಗೌಡರು ಮಾತ್ರ ತಲೆಯ ಮೇಲೆ ಕೈಹೊತ್ತು ಕುಳಿತರು. "ಆಗೂದು ಆಗಿ ಹೋತು. ಹಿಂದಿನ ಲಗ್ನ ಇರಲಿ. ಗೊತ್ತಾದ ಮ್ಯಾಲ ಈ ವರ್ಷದ್ದು ಮಾಡೂದು ಹ್ಯಾಂಗ? ಕಲ್ಲಿನ ಲಗ್ನ ಇಲ್ಲಂದ್ರ..." ಎಂದು ಮಗಳ ಕಡೆ ನೋಡಿ ಮಾತು ನುಂಗಿದರು. ಬಂಡಿಯ ಪಕ್ಕದಲ್ಲಿ ನಿಂತಿದ್ದ ಚನವೀರನ ಮುಖ ಹುಳ್ಳಗಾಯಿತು. ನೀಲಗಂಗಾ ನೆಲ ನೋಡುತ್ತ ನಿಂತುಬಿಟ್ಟಳು. ಯಂತ್ರವನ್ನು ಊರಿಗೆ ಕರೆದವಳು ತಾನೇ, ತನ್ನ ಲಗ್ನಕ್ಕೆ ಕಲ್ಲು ಹಾಕಿಕೊಂಡವಳೂ ತಾನೇ.

ಇಂದುಮತಿ ಎರಡೂ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. "ನೋಡಿ, ಗೋತ್ರ ಅನ್ನೋದು ನಾನು ಹಾಗೇ ಒಂದು ಪದ ಅಂತ ಇಟ್ಟಿದ್ದು. ಅದು ನಿಮ್ಮ ಗೋತ್ರ ಅಲ್ಲ" ಎಂದು ಮೈಕಿನಲ್ಲೇ ತಿದ್ದಲು ಹೊರಟರು.

"ಹೌದ್ರಿ? ತಾಯಿ ಅನ್ನೂದೂ ಹಂಗ ಸುಮ್ನ ಇಟ್ಟಿದ್ದೇನು?" ಎಂದಳು ಸಾವಂತ್ರೆವ್ವ.

"ಅದು... ಅದರಿಂದ ಹುಟ್ಟಿದ್ದು ಅನ್ನೋ ಅರ್ಥದಲ್ಲಿ..."

"ಹುಟ್ಟಿದ್ದ ಖರೆ ಹೌದಿಲ್ಲೋ?"

"ಹೌದು."

"ಮತ್ತ? ಪದ ಬ್ಯಾರೆ ಇಟ್ರ ಹುಟ್ಟು ಬ್ಯಾರೆ ಆಗತೈತೇನು?"

ಈ ಪ್ರಶ್ನೆಯನ್ನು ಪರಿಭಾಷಾ ಸಮಿತಿಯಲ್ಲಿ ತಾನೇ ಬೇರೆ ಮಾತಿನಲ್ಲಿ ಕೇಳಿದ್ದು ಇಂದುಮತಿಗೆ ನೆನಪಾಯಿತು.

ಊಟದ ಹೊತ್ತಿಗೆ ಶಾಲೆಯ ಸ್ಟಾಫ್ ರೂಮಿನಲ್ಲಿ ಕುಳಿತು ಇಂದುಮತಿ ತಮ್ಮ ನಿರ್ದೇಶಕರಿಗೆ ಫೋನು ಮಾಡಿದರು. ನಿರ್ದೇಶಕ ರಾಜಶೇಖರಯ್ಯ ತೂಕದ ಮನುಷ್ಯರು. ಮಾತನ್ನೂ ಗ್ರಾಮಿನಲ್ಲೇ ಅಳೆಯುವವರು.

"ಯಂತ್ರ ಕೆಟ್ಟಿತ್ತು ಅಂದುಬಿಡಿ" ಎಂದರು. "ಬೇರೆ ಗೋತ್ರ ಅಂತ ಹೇಳಿ ಮದುವೆ ಮುಗಿಸಿ ಬನ್ನಿ. ವರದಿಯಲ್ಲಿ ಸರಿಯಾಗಿ ಬರೆದರಾಯಿತು. ಆ ವರದಿ ಓದೋಕೆ ಅಲ್ಲಿ ಯಾರಿದ್ದಾರೆ?"

ಇಂದುಮತಿ ಹೂಂ ಎನ್ನುವುದರಲ್ಲಿದ್ದರು. ಆ ಕ್ಷಣಕ್ಕೆ ಅದಕ್ಕಿಂತ ಸುಲಭದ ದಾರಿ ಕಾಣಲಿಲ್ಲ. ಆದರೆ ಬಾಗಿಲಲ್ಲಿ ರೊಟ್ಟಿ ತಟ್ಟೆ ಹಿಡಿದು ನಿಂತಿದ್ದ ನೀಲಗಂಗಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಬ್ಯಾಡ್ರಿ ಮೇಡಂ" ಎಂದಳು. ಕಣ್ಣು ಕೆಂಪಾಗಿದ್ದರೂ ದನಿ ಗಟ್ಟಿಯಾಗಿತ್ತು. "ಆ ವರದಿ ಓದಾಕಿ ನಾ ಅದೀನಲ್ರಿ. ಯಂತ್ರ ಸುಳ್ಳು ಹೇಳತೈತಿ ಅಂತ ನಾಳೆ ಹುಡುಗೂರಿಗೆ ಹ್ಯಾಂಗ ಕಲಸಲಿ? ಲಗ್ನ ಆದ್ರ ಆಗಲಿ, ಬಿಟ್ರ ಬಿಡಲಿ."

"ಬಿಟ್ಟರೆ ಬಿಡಲಿ ಅಂತೀಯಾ?"

"ಬಾಯಿಲೆ ಅಂದೇನ್ರಿ" ಎಂದು ತಟ್ಟೆ ಕೆಳಗಿಟ್ಟು ಹುಡುಗಿ ಅತ್ತೇಬಿಟ್ಟಳು.

ಇಂದುಮತಿ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡರು. ಒಂದೇ ತಟ್ಟೆಯಲ್ಲಿ ರೊಟ್ಟಿ ಮುರಿಯುತ್ತ ಇಬ್ಬರೂ ದಾರಿ ಹುಡುಕಿದರು. ಸುಳ್ಳು ಹೇಳುವಂತಿಲ್ಲ, ಆದರೆ ಇರುವ ನಿಜವನ್ನು ಇನ್ನಷ್ಟು ಅಗೆಯಬಹುದು. ಕಲ್ಲುಗಳ ತಾಯಿ ಯಾರೆಂದು ಗೊತ್ತಾಯಿತು. ತಾಯಿಯಿಂದ ಯಾವಾಗ ಬೇರೆಯಾದವು, ಹೇಗೆ ಬೇರೆಯಾದವು ಎಂದು ಇನ್ನೂ ಕೇಳಿರಲಿಲ್ಲ. ಅದಕ್ಕೆ ಇಂದುಮತಿಯ ವ್ಯಾನಿನಲ್ಲಿದ್ದ ದೊಡ್ಡ ಪೆಟ್ಟಿಗೆಯಲ್ಲಿ ಕಲ್ಲನ್ನು ಅರ್ಧ ದಿನ ಇಡಬೇಕು.

"ಅದ್ರಿಂದ ಏನಾರ ಉಪಯೋಗ ಆಗತೈತೇನ್ರಿ?" ಎಂದಳು ನೀಲಗಂಗಾ.

"ಗೊತ್ತಿಲ್ಲ ಕಣಮ್ಮ" ಎಂದರು ಇಂದುಮತಿ. ಅದು ಆ ದಿನ ಅವರಾಡಿದ ಅತ್ಯಂತ ವೈಜ್ಞಾನಿಕವಾದ ಮಾತು.

ಸಿಡಿಲಪ್ಪನನ್ನು ವಾಪಸು ಒಯ್ಯುವುದೆಂದು ಹಟ ಹಿಡಿದಿದ್ದ ಸಾವಂತ್ರೆವ್ವ ಕೊನೆಗೆ ಒಂದು ದಿನದ ಮಟ್ಟಿಗೆ ಒಪ್ಪಿದಳು, ಆದರೆ ಏನೇ ಬಂದರೂ ಮೈಕಿನಲ್ಲೇ ಹೇಳಬೇಕು, ಕಿವಿಯಲ್ಲಿ ಹೇಳುವಂತಿಲ್ಲ ಎಂದು ಷರತ್ತು ಹಾಕಿದಳು. ಬೀಗರೋ ಒಡಹುಟ್ಟಿದವರೋ ಎಂದು ಇತ್ಯರ್ಥವಾಗುವ ತನಕ ಒಂದು ಪಂಕ್ತಿಯಲ್ಲಿ ಕೂರಬಾರದೆಂದು ದಿಬ್ಬಣದವರು ಬೇರೆಯೇ ಉಂಡರು. ಬಡಿಸುವವರಿಗೆ ಮಾತ್ರ ಎರಡೆರಡು ಸಲ ಓಡಾಟ.

ಮರುದಿನ ಮಧ್ಯಾಹ್ನ ಅಂಗಳ ಮತ್ತೆ ತುಂಬಿತು. ಪೆಟ್ಟಿಗೆ ಹೇಳಿದ್ದನ್ನು ಇಂದುಮತಿ ತಾವೇ ಬಿಡಿಸಿ ಹೇಳಲು ನಿಂತರು.

"ಬಾಹ್ಯಾಕಾಶದಲ್ಲಿ ವಿಶ್ವಕಿರಣಗಳು ಅಂತ ಇವೆ. ಬಿಸಿಲಿದ್ದ ಹಾಗೆ, ಎಡೆಬಿಡದೆ ಬೀಳ್ತಾನೇ ಇರುತ್ತವೆ. ಹೊಲದಲ್ಲಿ ದುಡಿದವರ ಮೈಬಣ್ಣ ನೋಡಿದರೆ ಎಷ್ಟು ದಿನ ಬಿಸಿಲಲ್ಲಿದ್ದರು ಅಂತ ನಿಮಗೆ ಗೊತ್ತಾಗುತ್ತಲ್ಲ? ಹಾಗೆ ಕಲ್ಲಿನ ಮೈ ನೋಡಿದರೆ, ಅದು ತಾಯಿಯಿಂದ ಒಡೆದು ಬಯಲಿಗೆ ಬಿದ್ದು ಎಷ್ಟು ಕಾಲ ಆಯಿತು ಅಂತ ಗೊತ್ತಾಗುತ್ತೆ. ಸುಮಾರು ಅರವತ್ತು ಕೋಟಿ ವರ್ಷದ ಹಿಂದೆ ತಾಯಿ ಕಿರುಗ್ರಹಕ್ಕೆ ಇನ್ನೊಂದು ಬಂದು ಢಿಕ್ಕಿ ಹೊಡೀತು. ಆಗ ಸಿಡಿಲಪ್ಪ ಸಿಡಿದು ಹೊರಗೆ ಬಿದ್ದ. ಅವತ್ತಿಂದ ಒಬ್ಬನೇ ಬಿಸಿಲಲ್ಲಿ ಅಲೆದ."

"ಮಿಂಚವ್ವನೂ ಅವತ್ತ ಬಿದ್ಲೇನ್ರಿ?" ಎಂದರು ಬಾಳನಗೌಡರು. ಹೌದು ಎಂದುಬಿಟ್ಟರೆ ಮುಗಿಯಿತು ಎಂಬ ಹೆದರಿಕೆ ದನಿಯಲ್ಲಿತ್ತು.

"ಇಲ್ಲ. ಮಿಂಚವ್ವನ ಮೈಯಲ್ಲಿ ಎರಡು ಬಣ್ಣ ಇದೆ. ಮೊದಲಿನದು ನೆರಳಲ್ಲಿದ್ದವರ ಹಾಗೆ ತೆಳು, ಆಮೇಲಿನದು ಗಾಢ. ಅಂದರೆ ಅರವತ್ತು ಕೋಟಿ ವರ್ಷದ ಹಿಂದೆ ತಾಯಿಯಿಂದ ಹೊರಗೆ ಬಿದ್ದದ್ದು ಈಕೆ ಅಲ್ಲ. ಬೇರೆ ಒಂದು ದೊಡ್ಡ ತುಂಡು. ಈಕೆ ಅದರ ಒಡಲೊಳಗೆ ಇದ್ದಳು. ಬಹಳ ಕಾಲದ ಮೇಲೆ, ಈಗ ಹತ್ತು ಕೋಟಿ ವರ್ಷದ ಹಿಂದೆ, ಆ ದೊಡ್ಡ ತುಂಡು ಒಡೆದು ಅದರಿಂದ ಮಿಂಚವ್ವ ಹೊರಗೆ ಬಂದಳು."

ಸಾವಂತ್ರೆವ್ವ ಕೈಯೆತ್ತಿದಳು. "ತಡೀರಿ, ತಡೀರಿ. ತಾಯಿಯಿಂದ ಹೊರಗ ಬಿದ್ದವು ಎರಡು. ಒಂದು ಸಿಡಿಲಪ್ಪ, ಒಂದು ಆ ದೊಡ್ಡ ತುಂಡು. ಹೌದಿಲ್ಲೋ?"

"ಹೌದು."

"ಅವೆರಡು ಒಡಹುಟ್ಟಿದವು. ಆ ದೊಡ್ಡ ತುಂಡಿನ ಹೊಟ್ಯಾಗಿಂದ ಮಿಂಚವ್ವ ಬಂದಾಳ."

"ಹೌದಮ್ಮ. ಆ ಲೆಕ್ಕದಲ್ಲಿ ಮಿಂಚವ್ವ ಮೊದಲ ತಾಯಿಗೆ ಮಗಳಲ್ಲ, ಮೊಮ್ಮಗಳು."

ಮುದುಕಿಯ ಕಣ್ಣು ಹೊಳೆಯಿತು. ಎರಡೂ ಕೈ ಜೋರಾಗಿ ತಟ್ಟಿದಳು. "ಅಕ್ಕನ ಮಗಳೋ, ಅಕ್ಕನ ಮಗಳು! ಸಿಡಿಲಪ್ಪ ಸ್ವಾದರಮಾವ! ಸ್ವಾದರಮಾವಗ ಅಕ್ಕನ ಮಗಳನ್ನ ಕೊಟ್ಟ ಸಂಬಂಧರೋ ಇದು! ಯಂತ್ರ ಹೇಳಿದ್ದು ಹಡದಾಕಿ ತವರಿನ ಗೋತ್ರ, ಅಕ್ಕನ ಮಗಳ ಗೋತ್ರ ಬ್ಯಾರೇನ ಇರತೈತಿ! ಇದರಕಿಂತ ಛಲೋ ಸಂಬಂಧ ಎಲ್ಲೈತಿ?"

ಅಂಗಳ ಒಮ್ಮೆಲೇ ಉಸಿರು ಬಿಟ್ಟಿತು. ಆದರೆ ಬಾಳನಗೌಡರು ಕಾನೂನಿನ ಮನುಷ್ಯ. ಮಗಳ ಲಗ್ನವೇ ಆದರೂ ಅನುಮಾನ ಉಳಿಯಬಾರದು. "ನಿಲ್ಲಬೇ ಸಾವಂತ್ರೆವ್ವ. ಆ ದೊಡ್ಡ ತುಂಡು ಅಕ್ಕ ಅಂತ ಹ್ಯಾಂಗ ಹೇಳ್ತಿ? ಅಣ್ಣ ಇದ್ರ? ಅಣ್ಣನ ಮಗಳು ಅಂದ್ರ ಮಗಳಿದ್ದಂಗ. ಆ ಲಗ್ನ ನಡಿಯೂದಿಲ್ಲ."

ಎಲ್ಲರ ಮುಖ ಮತ್ತೆ ಬಾಡಿತು. ನೀಲಗಂಗಾ ಅಪ್ಪನನ್ನು ನೋಡಿದ ನೋಟಕ್ಕೆ ಬೇರೆಯವರಾಗಿದ್ದರೆ ಜಾಗ ಖಾಲಿ ಮಾಡುತ್ತಿದ್ದರು. ಗಂಡು ಹೆಣ್ಣೆಂಬ ಭೇದ ಕಿರುಗ್ರಹಗಳಿಗಿಲ್ಲ ಎಂದು ಇಂದುಮತಿ ಬಾಯಿ ತೆರೆಯುವಷ್ಟರಲ್ಲಿ ಸಾವಂತ್ರೆವ್ವ ಸೊಂಟದ ಮೇಲೆ ಕೈಯಿಟ್ಟು ಗೌಡರ ಮುಂದೆ ಬಂದು ನಿಂತಿದ್ದಳು.

"ಗೌಡ್ರ, ಮಿಂಚವ್ವ ಅದರ ಒಡಲಾಗಿಂದ ಬಂದಾಳ. ಅಂದ್ರ ಅದು ಹಡದೈತಿ. ನಿಮ್ಮ ಊರಾಗ ಅಣ್ಣಗೋಳು ಹಡಿತಾರೇನು?"

ಹೊನ್ನವಾರಿಯೂ ಸುಂಕದಾಳವೂ ಹೊಟ್ಟೆ ಹುಣ್ಣಾಗುವಂತೆ ನಕ್ಕವು. ಇಂದುಮತಿಯೂ ನಕ್ಕರು, ನಗುತ್ತಲೇ ಯೋಚಿಸಿದರು: ಯಾವುದರಿಂದ ಕಲ್ಲು ಹುಟ್ಟಿತೋ ಅದೇ ತಾಯಿ ಎಂದು ಯಂತ್ರಕ್ಕೆ ಕಲಿಸಿದವಳು ತಾನೇ ಅಲ್ಲವೇ? ಮುದುಕಿ ಅದೇ ನಿಯಮವನ್ನು ಅಚ್ಚುಕಟ್ಟಾಗಿ ಮುಂದಿನ ತಲೆಮಾರಿಗೆ ಒಯ್ದಿದ್ದಳು. ಇದರಲ್ಲಿ ತಪ್ಪು ಹುಡುಕಲು ಅವರಿಗೆ ಸಾಧ್ಯವಾಗಲಿಲ್ಲ, ಮನಸ್ಸೂ ಬರಲಿಲ್ಲ.

ಆ ಸಂಜೆಗೆ ಮೊದಲೇ ಸಿಡಿಲಪ್ಪ-ಮಿಂಚವ್ವರ ಲಗ್ನವಾಯಿತು. ಎರಡೂ ಊರು ಒಂದೇ ಪಂಕ್ತಿಯಲ್ಲಿ ಕೂತು ಹೋಳಿಗೆ ಉಂಡವು. ಮುಂದಿನ ವಾರ ನೀಲಗಂಗಾ-ಚನವೀರರದೂ ಆಯಿತು. ಇಂದುಮತಿ ರಜೆ ಹಾಕಿ ಬಂದಿದ್ದರು. ಶಾಲೆಯ ಪಂಪು ಅಂದಿನಿಂದ ಕೆಟ್ಟಿಲ್ಲವೆಂದು ಹೇಳುತ್ತಾರೆ.

ಆದರೆ ಸಾವಂತ್ರೆವ್ವ ಇಂದುಮತಿಯನ್ನು ಅಷ್ಟು ಸುಲಭಕ್ಕೆ ಬಿಡಲಿಲ್ಲ. ಲಗ್ನದ ಅಕ್ಕಿಕಾಳು ಬಿದ್ದ ಮೇಲೆ ಪಕ್ಕಕ್ಕೆ ಕರೆದು, "ಎಲ್ಲಾ ಸರಿ ಹೋತ್ರಿ ಮೇಡಂ. ಆ ಅಕ್ಕ ಎಲ್ಲದಾಳ?" ಎಂದು ಕೇಳಿದಳು.

"ಯಾವ ಅಕ್ಕ?"

"ಮಿಂಚವ್ವನ ಹಡದಾಕಿ! ಮಗಳ ಲಗ್ನ ಇಷ್ಟು ವರ್ಷ ಮಾಡೇವಿ, ಹಡದಾಕಿಗೆ ಒಮ್ಮೀನೂ ಉಡಿ ತುಂಬಿಲ್ಲ. ಆಕಿ ಏನಂದಾಳು?"

ಇಂದುಮತಿ ನಗಲು ಹೋಗಿ ನಿಂತುಬಿಟ್ಟರು. ಹೌದಲ್ಲ! ಆ ದೊಡ್ಡ ತುಂಡು ಎಲ್ಲಿ ಹೋಯಿತು? ಸಿಡಿದ ಚೂರುಗಳನ್ನು ನೆಲದ ಮೇಲೆ ಹುಡುಕಿ ಹುಡುಕಿ ವರ್ಗ, ಗೋತ್ರ ಹಚ್ಚುತ್ತ ಕುಳಿತಿದ್ದ ಸಮೀಕ್ಷೆಯಲ್ಲಿ, ನಡುವಿನ ತಲೆಮಾರಿನವರು ಇನ್ನೂ ಮೇಲೆ ಇದ್ದಾರೋ ಇಲ್ಲವೋ ಎಂದು ಯಾರಿಗೂ ಕೇಳಬೇಕೆನಿಸಿರಲಿಲ್ಲ. ಅದನ್ನು ಕರೆಯಲು ಅವರ ಬಳಿ ಪದವೇ ಇರಲಿಲ್ಲ. ಪದವಿಲ್ಲದ್ದನ್ನು ಯಾರು ತಾನೇ ಹುಡುಕುತ್ತಾರೆ?

ಊರಿಗೆ ಮರಳಿದವರೇ ಹುಡುಕಲು ಕುಳಿತರು. ಮಿಂಚವ್ವನ ಹರಳು ಚೆಲ್ಲುವ ಬೆಳಕಿಗೆ ಹೊಂದುವ ಕಿರುಗ್ರಹ ಯಾವುದು, ಹತ್ತು ಕೋಟಿ ವರ್ಷದ ಹಿಂದೆ ಅಲ್ಲಿಂದ ಸಿಡಿದದ್ದು ಭೂಮಿಯ ದಾರಿಗೆ ಬೀಳಬಹುದೇ ಎಂದು ಲೆಕ್ಕ ಹಾಕಿದರು. ದೂರದರ್ಶಕಗಳು ತಿಂಗಳುಗಟ್ಟಲೆ ಜಾಲಾಡಿದವು. ಕೊನೆಗೆ ಮಂಗಳನ ಆಚೆ, ಹೆಸರಿಲ್ಲದೆ ಅಂಕೆಯಷ್ಟೇ ಇದ್ದ, ಬೆಟ್ಟದ ಗಾತ್ರದ ಒಂಟಿ ಕಿರುಗ್ರಹವೊಂದು ಸಿಕ್ಕಿತು. ಎಲ್ಲ ಲಕ್ಷಣವೂ ತಾಳೆಯಾಯಿತು. ವಿಜ್ಞಾನಿಗಳು ಹಿಗ್ಗಿದರು, ನೋಡಿಬರಲು ನೌಕೆಯೊಂದನ್ನು ಕಳಿಸಲು ನಿರ್ಧಾರವಾಯಿತು. ಪರಿಭಾಷಾ ಸಮಿತಿಗೂ ಕೆಲಸ ಬಂತು. ನಡುವಿನ ತಲೆಮಾರಿನ ತುಂಡುಗಳಿಗೆ ಯಾವ ಪದ ಎಂದು ದೊಡ್ಡ ಚರ್ಚೆ ನಡೆದು, ಇಂದುಮತಿ ಸೂಚಿಸಿದ "ಅಕ್ಕಕಾಯ" ಎಂಬುದು ಒಂದೂ ವಿರೋಧವಿಲ್ಲದೆ ಪಾಸಾಯಿತು.

ಸುದ್ದಿ ತಿಳಿಸಲು ಸುಂಕದಾಳಕ್ಕೆ ಹೋದಾಗ ಸಾವಂತ್ರೆವ್ವ ಎಲ್ಲವನ್ನೂ ಶಾಂತವಾಗಿ ಕೇಳಿದಳು. "ಆಕಿ ಇಲ್ಲಿಗೆ ಬರ್ತಾಳೇನ್ರಿ?" ಎಂದಳು.

"ಬಂದರೆ ಎರಡೂ ಊರು ಉಳಿಯೋದಿಲ್ಲಮ್ಮ."

"ಹಂಗಾರ ಬ್ಯಾಡ. ಬೀಗತಿ ಅಲ್ಲೇ ಆರಾಮ ಇರಲಿ" ಎಂದು ಮುದುಕಿ ಒಳಗೆ ಹೋಗಿ, ನೀಲಗಂಗಾಳ ಕೈಯಿಂದ ಒಂದು ಪುಟ್ಟ ಪೊಟ್ಟಣ ಕಟ್ಟಿಸಿಕೊಂಡು ಬಂದಳು. "ನಾವು ಹೋಗಾಕ ಆಗೂದಿಲ್ಲ. ನಿಮ್ಮ ನೌಕಾ ಹೊಂಟೈತಲ್ಲ, ಅದರಾಗ ಆಕಿಗೆ ಈ ಉಡಿ ಮುಟ್ಟಸ್ರಿ."

ಪೊಟ್ಟಣದಲ್ಲಿ ಐದು ಅಕ್ಕಿಕಾಳು ಇದ್ದವು. ಹೆಚ್ಚು ಭಾರ ಹೊರಿಸಬಾರದೆಂದು ನೀಲಗಂಗಾ ಅಜ್ಜಿಯನ್ನು ಒಪ್ಪಿಸಿ, ಮಡಿಲು ತುಂಬುವ ಐದು ಹಿಡಿಯನ್ನು ಐದು ಕಾಳಿಗೆ ಇಳಿಸಿದ್ದಳು.

ನೌಕೆಯಲ್ಲಿ ಕೂದಲೆಳೆಯ ತೂಕಕ್ಕೂ ಒಪ್ಪಿಗೆ ಬೇಕು. ಇಂದುಮತಿ ಅಳುಕುತ್ತಲೇ ರಾಜಶೇಖರಯ್ಯನವರ ಕೋಣೆಗೆ ಹೋಗಿ ಪೊಟ್ಟಣವನ್ನು ಮೇಜಿನ ಮೇಲಿಟ್ಟು ನಡೆದದ್ದನ್ನೆಲ್ಲ ಹೇಳಿದರು. ಗಗನನೌಕೆಯಲ್ಲಿ ಅಕ್ಕಿಯೇ ಎಂದು ಅವರು ಗದರುತ್ತಾರೆ, ಗದರಲಿ, ಕೇಳಿದಂತಾದರೂ ಆಯಿತಲ್ಲ ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದರು.

ನಿರ್ದೇಶಕರು ಕನ್ನಡಕ ಏರಿಸಿ ಪೊಟ್ಟಣ ಬಿಚ್ಚಿದರು. ಐದು ಕಾಳನ್ನೂ ಬೆರಳ ತುದಿಯಿಂದ ಸರಿಸಿ ನೋಡಿದರು.

"ಏನ್ರೀ ಇಂದುಮತಿ" ಎಂದರು ಕೊನೆಗೆ, "ಹೆಣ್ಣುಮಗಳಿಗೆ ಬರೀ ಅಕ್ಕಿ ಹಾಕಿದರೆ ಉಡಿ ತುಂಬಿದ ಹಾಗಾಗುತ್ತಾ? ಒಂದು ಚೂರು ಬೆಲ್ಲಾನೂ ಇಡಿ."